ಮನೆಯಾಚೆಯ ಕೋಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಮದುವೆಯ ಮಾತು ಹಾಗಿರಲಿ. ಮನೆ ಕಟ್ಟುವ ಕಷ್ಟವನ್ನು ಬಡವರ ಪಾಲಿಗೆ ತುಸುವಾದರೂ ಹಗುರಗೊಳಿಸಬೇಕೆಂಬ ಪ್ರಯತ್ನ ಕರ್ನಾಟಕದಲ್ಲಿ ಅರ್ಧ ಶತಮಾನದಷ್ಟು ಕಾಲದಿಂದ ನಡೆದುಬಂದಿದೆ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದ 1970ರ ದಶಕದಲ್ಲಿ ನಿವೇಶನವಿಲ್ಲದವರಿಗೆ ನಿವೇಶನ ಹಂಚಿ ಜನತಾ ಮನೆಗಳನ್ನು ಕಟ್ಟಿಸುವ ಕಾರ್ಯ ನಡೆಯಿತು. 1991-92ರಲ್ಲಿ ಆಶ್ರಯ ಯೋಜನೆ ಬಂದಿತು. ಇವುಗಳ ಮೇಲ್ವಿಚಾರಣೆಗೆಂದು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪಿತವಾಯಿತು. ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆಯು 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಾಗಿ ಹೊಸ ರೂಪ ತಳೆಯಿತು.

ಶಿಂಷಾ ನದಿಯ ದಡದ ಮದ್ದೂರು, ಬೆಂಗಳೂರು–ಮೈಸೂರು ದಾರಿಯಲ್ಲಿ ಸಾಗುವವರಿಗೆ ವಡೆಯಿಂದಲೂ ಎಳನೀರಿನ ಮಾರುಕಟ್ಟೆಯಿಂದಲೂ ಪರಿಚಿತವಾದ ಊರು. ದಾರಿಹೋಕರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ನೋಟವೂ ಈ ತಾಲ್ಲೂಕಿನಲ್ಲುಂಟು. ಹೆದ್ದಾರಿಯನ್ನು ಬಿಟ್ಟು ಕಬ್ಬಿನ ಗದ್ದೆಗಳ ನಡುವೆ ಒಳಗೆ ಹೋದರೆ, ಹಲವು ಊರುಗಳ ಅಂಚಿನಲ್ಲಿ ಒಂದೇ ಅಳತೆಯ, ಒಂದೇ ಮೊಗದ ಮನೆಗಳ ಸಾಲುಗಳು ಕಾಣುತ್ತವೆ. ಜನತಾ ಕಾಲೋನಿ ಎಂದೋ ಆಶ್ರಯ ಬಡಾವಣೆ ಎಂದೋ ಜನ ಅವುಗಳನ್ನು ಕರೆಯುತ್ತಾರೆ. ಇವುಗಳಲ್ಲಿ ಇರುವವರು ಬಾಡಿಗೆದಾರರಲ್ಲ, ಹಕ್ಕುಪತ್ರ ಪಡೆದವರು. ಆ ಹಕ್ಕುಪತ್ರವೂ ಸಾಮಾನ್ಯವಾಗಿ ಮನೆಯೊಡತಿಯ ಹೆಸರಿನಲ್ಲಿರುತ್ತದೆ. ಸೋರುವ ಗುಡಿಸಲಿನಿಂದ ಇಂಥ ಮನೆಗೆ ಬಂದವರಿಗೆ ಅದರ ಬೆಲೆ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೂ ಮನೆ ಚಿಕ್ಕದು. ಇಂದಿರಾ ಆವಾಸ್ ಮನೆಯ ಕನಿಷ್ಠ ಅಳತೆ 20 ಚದರ ಮೀಟರುಗಳಷ್ಟಿತ್ತು. ಹೊಸ ಯೋಜನೆಯಲ್ಲಿ ಅದು 25ಕ್ಕೆ ಏರಿತು. ಗಾರೆಯವರ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ ಚದರಕ್ಕಿಂತ ತುಸು ಹೆಚ್ಚು. ಅದರಲ್ಲಿಯೇ ಒಲೆ, ಅದರಲ್ಲಿಯೇ ಹಾಸಿಗೆ, ಅದರಲ್ಲಿಯೇ ದೇವರ ಪಟ, ರಾಗಿಯ ಮೂಟೆ, ಹಾಲಿನ ಕ್ಯಾನು. ರೇಷ್ಮೆ ಸಾಕುವ ಸಂಸಾರವಾದರಂತೂ, ಹುಳು ಹಣ್ಣಾಗುವ ದಿನಗಳಲ್ಲಿ ಚಂದ್ರಿಕೆಗಳಿಗೆ ಮನೆಯನ್ನು ಬಿಟ್ಟುಕೊಟ್ಟು ಮನೆಯವರೇ ಜಗಲಿಯಲ್ಲಿ ಮಲಗುವುದುಂಟು! ಇಂಥ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲಿ ಕುಳಿತು ಓದಬೇಕು? ಮೇಜೊಂದನ್ನು ತಂದರೂ ಅದನ್ನಿಡುವ ಮೂಲೆ ಯಾವುದು? ಅಣ್ಣ ಟಿ.ವಿ. ಹಾಕಿದರೆ, ತಮ್ಮ ಅತ್ತರೆ, ಅಜ್ಜಿಗೆ ಕೆಮ್ಮು ಹತ್ತಿದರೆ ಅವಳ ಗಣಿತ ಅಲ್ಲಿಗೇ ನಿಲ್ಲುತ್ತದೆ. ಬಡತನದ ಮಾತು ಬಂದಾಗ ಅನ್ನ, ಬಟ್ಟೆ, ಸೂರುಗಳನ್ನು ಎಲ್ಲರೂ ಎಣಿಸುತ್ತಾರೆ. ಒಂದು ಗಂಟೆಯ ನಿಶ್ಶಬ್ದವೂ ಒಂದು ಆಸ್ತಿಯೆಂಬುದು ಎಣಿಕೆಗೆ ಬರುವುದು ಕಡಿಮೆ.

ಈ ಸಮಸ್ಯೆ ಮಂಡ್ಯದ ಸೀಮೆಗೆ ಮಾತ್ರ ಸೇರಿದ್ದಲ್ಲ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ಇಂಗ್ಲೆಂಡಿನ ದುಡಿಯುವ ಜನರಿಗೆ ಸರ್ಕಾರ ಎಂಥ ಮನೆ ಕಟ್ಟಿಸಬೇಕೆಂದು ಆಲೋಚಿಸಲು ಟ್ಯೂಡರ್ ವಾಲ್ಟರ್ಸ್ ಎಂಬುವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚಿತವಾಗಿತ್ತು. 1918ರ ಅದರ ವರದಿಯು, ಸಾಧ್ಯವಾದ ಕಡೆಗಳಲ್ಲಿ ಮನೆಗೊಂದು ಮುಂಗೋಣೆಯೂ ಇರಲೆಂದು ಸಲಹೆ ಮಾಡಿತು. ರೋಗಿಯ ವಿಶ್ರಾಂತಿಗೆ, ಬಂದವರೊಡನೆ ಮಾತನಾಡಲು, ಮಕ್ಕಳ ಪಾಠಕ್ಕೆ ಅಂಥ ಕೋಣೆ ಬೇಕೆಂಬುದು ಅದನ್ನು ಬೇಡಿದವರ ವಾದ. ಮುಂದಿನ ವರ್ಷವೇ ಕಾನೂನು ಬಂದು ಪುರಸಭೆಗಳು ಮನೆಗಳನ್ನು ಕಟ್ಟತೊಡಗಿದವು. ಆದರೆ ಖರ್ಚಿನ ಒತ್ತಡದಿಂದಾಗಿ ಮುಂಗೋಣೆಯಿಲ್ಲದ ಮನೆಗಳೂ ಬಹುಸಂಖ್ಯೆಯಲ್ಲಿ ಎದ್ದವು. ಹಣ ಕಡಿಮೆಯಾದಾಗ ಮೊದಲು ಬಿಟ್ಟುಹೋಗುವ ಕೋಣೆ ಯಾವುದೆಂಬುದನ್ನು ಇದರಿಂದ ಊಹಿಸಬಹುದು.

ಮನೆಯೊಳಗೆ ಸಿಗದ ಕೋಣೆಯನ್ನು ಮನೆಯ ಹೊರಗೆ, ಎಲ್ಲರಿಗೂ ಸೇರಿ ಒಂದಾಗಿ ಕಟ್ಟಿಕೊಳ್ಳುವುದು ಇದಕ್ಕೊಂದು ಪರಿಹಾರ. ಕನ್ನಡ ನಾಡಿನ ಹಳ್ಳಿಗಳಿಗೆ ಈ ವಿಚಾರ ಹೊಸದಲ್ಲ. ಅರಳಿಕಟ್ಟೆಯಲ್ಲಿ ನ್ಯಾಯ, ರಾಮಮಂದಿರದಲ್ಲಿ ಭಜನೆ, ಹಾಲಿನ ಡೇರಿಯ ಮುಂದೆ ಸಮಾಚಾರ ಇವೆಲ್ಲ ಮನೆಯಾಚೆಯ ಕೋಣೆಗಳೇ. ಮನೆಮನೆಗೆ ರೇಡಿಯೋ ಇಲ್ಲದ ಕಾಲದಲ್ಲಿ ಪಂಚಾಯಿತಿಯ ರೇಡಿಯೋದ ಮುಂದೆ ಊರು ನೆರೆಯುತ್ತಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಪ್ರಸಾರ ಮಾಡಿದ ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಇದ್ದವು. ಊರಿಗೆ ಒಂದೇ ಪೆಟ್ಟಿಗೆ. ನೋಡುವವರು ನೂರಾರು ಮಂದಿ.

ರೇಡಿಯೋ ಕೇಳುವುದಕ್ಕೆ, ಟಿ.ವಿ. ನೋಡುವುದಕ್ಕೆ ಹತ್ತಿರ ಕುಳಿತರೆ ಸಾಕು. ಕಂಪ್ಯೂಟರಿನ ರೀತಿ ಬೇರೆ. ಅದು ಒಬ್ಬೊಬ್ಬರಿಗೂ ಒಂದು ಆಸನವನ್ನೂ ಒಂದಿಷ್ಟು ವೇಳೆಯನ್ನೂ ಕೇಳುತ್ತದೆ. ಈ ಅಭಾವ ಎಷ್ಟು ದೊಡ್ಡದೆಂಬುದು 2020ರಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಬಯಲಾಯಿತು. ಆಗ ನಡೆದ 'ವಿದ್ಯಾಗಮ' ಕಾರ್ಯಕ್ರಮದಲ್ಲಿ ಫೋನೇ ಇಲ್ಲದವರು, ಅಂತರ್ಜಾಲವಿಲ್ಲದ ಫೋನುಳ್ಳವರು, ಅಂತರ್ಜಾಲವುಳ್ಳವರು ಎಂದು ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಬೇಕಾಯಿತು. ಉಪಾಧ್ಯಾಯರು ಗುಡಿಯ ಪಡಸಾಲೆಗಳಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನಗಳಲ್ಲಿ ಪಾಠ ಹೇಳಿದರು. ಹಳ್ಳಿಯ ಹಳೆಯ ಕೋಣೆಗಳೇ ಮತ್ತೆ ನೆರವಿಗೆ ಬಂದವು.

ಇದೇ ಹೊತ್ತಿಗೆ ಮತ್ತೊಂದು ಬದಲಾವಣೆಯೂ ನಡೆದಿತ್ತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿದ್ದ 5,600ಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮರುವರ್ಷ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯಿತು. ವೃತ್ತಪತ್ರಿಕೆಯೊಂದಿಗೆ ಹಳೆಯ ಪುಸ್ತಕಗಳು ಮಾತ್ರ ಇದ್ದ ಕೋಣೆಗಳಿಗೆ ಸುಣ್ಣಬಣ್ಣ ಬಂದಿತು. ಕ್ರಮೇಣ ಅನೇಕ ಕಡೆ ಕಂಪ್ಯೂಟರುಗಳೂ ಅಂತರ್ಜಾಲವೂ ಬಂದವು. ಇವುಗಳಿಗೆ ಈಗ 'ಅರಿವು ಕೇಂದ್ರ' ಎಂದು ಹೆಸರು. ಸರ್ಕಾರಿ ಕಚೇರಿಗಳ ಹೆಸರುಗಳಲ್ಲಿ ಇಷ್ಟು ಚಿಕ್ಕದೂ ಚೊಕ್ಕದೂ ಆದ ಕನ್ನಡ ಪದ ಸಿಗುವುದು ಅಪರೂಪವೇ ಸರಿ.

ಇಂಥ ಕೋಣೆ ಕೆಲಸ ಮಾಡುವ ಬಗೆಯನ್ನು ತುಸು ವಿವರವಾಗಿ ನೋಡಬಹುದು. ದೂರದ ನಗರದಿಂದ ಕೂದಲಿನಷ್ಟು ಸಪುರವಾದ ಗಾಜಿನ ಎಳೆಯೊಂದು ನೆಲದಡಿಯಲ್ಲಿಯೋ ಕಂಬದ ಮೇಲೆಯೋ ಹಾದು ಪಂಚಾಯಿತಿಯ ಕಟ್ಟಡವನ್ನು ಮುಟ್ಟುತ್ತದೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ದೇಶದ ಗ್ರಾಮ ಪಂಚಾಯಿತಿಗಳಿಗೆಲ್ಲ ಇಂಥ ಎಳೆಯನ್ನು ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಈಗ ಅದನ್ನು ಭಾರತ್‌ನೆಟ್ ಎಂದು ಕರೆಯುತ್ತಾರೆ. ಕಟ್ಟಡದೊಳಗಿನ ಪೆಟ್ಟಿಗೆಯೊಂದು ಆ ಬೆಳಕಿನ ಸಂಕೇತಗಳನ್ನು ಕಂಪ್ಯೂಟರುಗಳಿಗೆ ತಿಳಿಯುವಂತೆ ಮಾರ್ಪಡಿಸಿ ಹಂಚುತ್ತದೆ. ಕಾಲುವೆಯ ನೀರಿನಂತೆ ಇಲ್ಲಿಯೂ ಹಂಚಿಕೆಯ ಪ್ರಶ್ನೆಯಿದೆ. ಹತ್ತು ಮಂದಿ ಒಟ್ಟಿಗೆ ಚಲನಚಿತ್ರ ನೋಡತೊಡಗಿದರೆ ಹನ್ನೊಂದನೆಯವನ ಅರ್ಜಿ ಮುಂದೆ ಹೋಗದು. ಸಂಜೆ ಕರೆಂಟು ಹೋದಾಗ ಯಂತ್ರವನ್ನು ನಡೆಸುವ ಬ್ಯಾಟರಿಯೂ ಬೇಕು.

ಯಂತ್ರ ಹತ್ತಾರು ಮಂದಿಯದಾದರೂ ಕೆಲಸ ಒಬ್ಬೊಬ್ಬರದು. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಖಾತೆ ಮತ್ತು ಗುಪ್ತಪದವಿರುವುದು ಅವಶ್ಯ. ಬರೆದದ್ದು ದೂರದ ಗಣಕಕೇಂದ್ರವೊಂದರಲ್ಲಿ ಉಳಿಯುವಂತೆ ಮಾಡಬಹುದು. ಆಗ ಇಂದು ಊರಿನಲ್ಲಿ ಆರಂಭಿಸಿದ ಪ್ರಬಂಧವನ್ನು ನಾಳೆ ಶಾಲೆಯಲ್ಲಿ ಮುಂದುವರಿಸಬಹುದು. ಒಂದೇ ಬರಹವನ್ನು ಹಲವರು ಸೇರಿ ತಿದ್ದುವುದೂ ಸಾಧ್ಯ. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಒಬ್ಬಳ ಪೆಟ್ಟಿಗೆಯಲ್ಲಿರುವ ಬದಲು ಎಲ್ಲ ಸದಸ್ಯೆಯರ ಕಣ್ಣೆದುರಿಗೆ ಇರುವಂತಾದರೆ, ಎಷ್ಟೋ ಜಗಳಗಳು ಹುಟ್ಟುವ ಮೊದಲೇ ತಣ್ಣಗಾಗುತ್ತವೆ. ಆದರೆ ಹಂಚಿಕೊಂಡ ಯಂತ್ರದಲ್ಲಿ ಅಪಾಯವೂ ಇದೆ. ಖಾತೆಯನ್ನು ಮುಚ್ಚದೆ ಎದ್ದುಹೋದರೆ, ಆಧಾರ್ ಚೀಟಿಯ ಚಿತ್ರವನ್ನು ಅಳಿಸದೆ ಬಿಟ್ಟರೆ, ಮುಂದೆ ಕೂರುವವರ ಕೈಗೆ ಅದು ಸಿಗುತ್ತದೆ. ಸಾರ್ವಜನಿಕ ಕೋಣೆಯಲ್ಲಿ ಮನೆಯ ಬೀಗವನ್ನು ತಾನೇ ಹಾಕಿಕೊಳ್ಳುವ ಅಭ್ಯಾಸ ಬೇಕು.

ಯಂತ್ರ, ಎಳೆ, ಬ್ಯಾಟರಿಗಳನ್ನು ಹಣ ಕೊಟ್ಟು ತರಬಹುದು. ಕೋಣೆಯನ್ನು ಎಲ್ಲರದಾಗಿ ಮಾಡುವುದೇ ಕಷ್ಟದ ಭಾಗ. ತಮಿಳುನಾಡಿನ ಮಗ್ಗುಲಿನ ಪುದುಚೇರಿಯ ಹಳ್ಳಿಗಳಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು 1998ರಿಂದ ಗ್ರಾಮ ಜ್ಞಾನ ಕೇಂದ್ರಗಳನ್ನು ತೆರೆಯಿತು. ಯಂತ್ರಗಳನ್ನು ಪ್ರತಿಷ್ಠಾನ ಕೊಡುವುದು, ಕೋಣೆಯನ್ನು ಊರು ಕೊಡುವುದು. ಆದರೆ ಜಾತಿಯ ಭೇದವಿಲ್ಲದೆ, ಹೆಣ್ಣು ಗಂಡೆನ್ನದೆ ಯಾರು ಬಂದರೂ ಬಾಗಿಲು ತೆರೆದಿರಬೇಕು ಎಂಬುದು ಕರಾರು. ಅಲ್ಲಿನ ಕಡಲತಡಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಯಲ್ಲಿ 2004ರ ಡಿಸೆಂಬರ್ 26ರ ಬೆಳಿಗ್ಗೆ ಸಿಂಗಪುರದಿಂದ ಒಂದು ದೂರವಾಣಿ ಕರೆ ಬಂದಿತು. ಅಲ್ಲಿ ದುಡಿಯುತ್ತಿದ್ದ ಊರಿನ ಯುವಕನೊಬ್ಬ ಕಡಲು ಉಕ್ಕಿದ ಸುದ್ದಿ ತಿಳಿದು ಮನೆಯವರನ್ನು ಎಚ್ಚರಿಸಿದ್ದ. ಕೇಂದ್ರದಲ್ಲಿ ಧ್ವನಿವರ್ಧಕವಿತ್ತು, ಬಾಗಿಲಿಗೆ ಬೀಗವಿತ್ತು. ಜನ ಬಾಗಿಲು ಮುರಿದು ಒಳಹೊಕ್ಕು ಊರಿಗೆಲ್ಲ ಸಾರಿದರು. 3,500ಕ್ಕೂ ಹೆಚ್ಚು ಮಂದಿಯ ಆ ಊರು ಸುನಾಮಿಯಿಂದ ಪಾರಾಯಿತು.

ಪ್ರತಿದಿನವೂ ಸುನಾಮಿ ಬರುವುದಿಲ್ಲ. ಬೀಗದ ಪ್ರಶ್ನೆ ಮಾತ್ರ ಪ್ರತಿದಿನದ್ದು. ಕೋಣೆ ಕಚೇರಿಯ ವೇಳೆಯಲ್ಲಿ ತೆರೆದು ಕಚೇರಿಯೊಡನೆ ಮುಚ್ಚಿದರೆ, ಬೆಳಿಗ್ಗೆ ಕಬ್ಬು ಕಡಿಯಲು ಹೋದವರಿಗಾಗಲಿ, ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಿಂದ ದುಡಿದು ಸಂಜೆ ಮರಳುವ ಹೆಣ್ಣುಮಕ್ಕಳಿಗಾಗಲಿ ಅದು ಗೋಡೆಯ ಮೇಲಿನ ಚಿತ್ರವಾಗಿಯೇ ಉಳಿಯುತ್ತದೆ. ಕೋಣೆ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಊರ ನಡುವೆ, ಮೇಲಿನ ಬೀದಿಯಲ್ಲಿದ್ದರೆ ಕಾಲೋನಿಯ ಮಗು ಅಲ್ಲಿಗೆ ಕಾಲಿಡಲು ಅಳುಕೀತು. ಕಾಲೋನಿಯಲ್ಲಿಟ್ಟರೆ ಮೇಲಿನ ಬೀದಿಯವರು ಮಕ್ಕಳನ್ನು ಕಳಿಸದೆ ಹೋದಾರು. ಈ ಕಾರಣದಿಂದ ಶಾಲೆಯ ಪಕ್ಕದ ಜಾಗವೇ ಉತ್ತಮವೆನಿಸುತ್ತದೆ. ಎಲ್ಲ ಬೀದಿಯ ಮಕ್ಕಳೂ ದಿನವೂ ನಡೆದುಬರುವ ದಾರಿ ಅದೊಂದೇ. ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ತೊಡಕುಂಟು. ಕತ್ತಲಾದ ಮೇಲೆ ಅವರನ್ನು ಹೊರಗೆ ಬಿಡಲು ತಾಯ್ತಂದೆಯರು ಹಿಂಜರಿಯುತ್ತಾರೆ. ದಾರಿಗೆ ಒಂದು ದೀಪ, ಒಳಗೆ ನಂಬಿಕೆಗೆ ಅರ್ಹರಾದ ಮೇಲ್ವಿಚಾರಕಿ, ಹತ್ತಿರದಲ್ಲೊಂದು ಶೌಚಾಲಯ ಇಷ್ಟಿದ್ದರೆ ಆ ಹಿಂಜರಿಕೆ ಅರ್ಧ ಕಡಿಮೆಯಾಗುತ್ತದೆ. ಇವು ಯಾವುವೂ ಕಂಪ್ಯೂಟರಿನ ಬೆಲೆಪಟ್ಟಿಯಲ್ಲಿ ಬರುವುದಿಲ್ಲ.

ಮೇಲ್ವಿಚಾರಕರ ಕೆಲಸವನ್ನು ಬೀಗ ತೆಗೆದು ಹಾಕುವುದೆಂದು ತಿಳಿದವರುಂಟು. ಅಕ್ಷರ ಬಾರದ ಮುದುಕಿಗೆ ಪಿಂಚಣಿ ಬಂದಿದೆಯೇ ಎಂದು ನೋಡಿ ಹೇಳುವುದು, ಗದ್ದಲ ಮಾಡುವ ಹುಡುಗರನ್ನು ಮುನಿಯದೆ ಸುಮ್ಮನಿರಿಸುವುದು, ಆಟಕ್ಕೆ ಕುಳಿತವನನ್ನು ಎಬ್ಬಿಸಿ ಅರ್ಜಿ ತುಂಬುವವಳಿಗೆ ಜಾಗ ಕೊಡಿಸುವುದು ಎಲ್ಲವೂ ಅವರ ಪಾಲಿನ ಕೆಲಸ. ಮನೆಯ ಇ-ಸ್ವತ್ತು ನಮೂನೆಯಾಗಲಿ, ಪಡಿತರ ಚೀಟಿಯ ತಿದ್ದುಪಡಿಯಾಗಲಿ ಈಗ ತೆರೆಯ ಮೇಲೆಯೇ ನಡೆಯುವುದರಿಂದ, ಆ ಕುರ್ಚಿಯ ಸರದಿ ತಪ್ಪಿದರೆ ತಪ್ಪುವುದು ಬರಿಯ ಸರದಿಯಲ್ಲ.

ಇಂಥ ಕೋಣೆಯ ಒಂದು ಸಂಜೆಯನ್ನು ಊಹಿಸಿಕೊಳ್ಳಬಹುದು. ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಕೊನೆಯ ದಿನ. ಹುಡುಗಿ ಎಲ್ಲ ಕಲಮುಗಳನ್ನೂ ತುಂಬಿದ್ದಾಳೆ. ಪಕ್ಕದಲ್ಲಿ ತಾಯಿ, ಮಡಿಲಿನಲ್ಲಿ ಕಾಗದಪತ್ರಗಳ ಚೀಲ. ಮನೆ ತಾಯಿಯ ಹೆಸರಿನಲ್ಲಿದೆ, ಫೋನಿನ ಸಂಖ್ಯೆ ತಂದೆಯ ಹೆಸರಿನಲ್ಲಿದೆ. ಒಂದು ಸಲದ ಗುಪ್ತಸಂಖ್ಯೆ ಆ ಫೋನಿಗೆ ಹೋಗಿದೆ. ತಂದೆಯೋ ಎಳನೀರಿನ ಲಾರಿಯೊಡನೆ ಬೆಂಗಳೂರಿನ ದಾರಿಯಲ್ಲಿದ್ದಾನೆ.

"ಅಪ್ಪಾ, ಗಾಡಿ ಪಕ್ಕಕ್ಕೆ ನಿಲ್ಸು. ಈಗ ಬಂದಿರೋ ಮೆಸೇಜಲ್ಲಿ ಆರು ಅಂಕಿ ಇರ್ತವೆ, ಓದಿ ಹೇಳು. ಬೇರೆ ಯಾರು ಕೇಳಿದ್ರೂ ಹೇಳ್ಬ್ಯಾಡ."

"ತಡಿಯವ್ವ, ಕನ್ನಡ್ಕ ಹಾಕ್ಕೊತೀನಿ."

ಮೇಲ್ವಿಚಾರಕಿ ಬೀಗವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಮುಚ್ಚುವ ವೇಳೆ ಕಳೆದು ಹತ್ತು ನಿಮಿಷವಾಗಿದೆ. ತೆರೆಯ ಮೇಲೆ ಉಳಿದ ಸೆಕೆಂಡುಗಳು ಒಂದೊಂದಾಗಿ ಇಳಿಯುತ್ತಿವೆ. ತಂದೆ ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದುತ್ತಾನೆ, ಮಗಳು ಒತ್ತುತ್ತಾಳೆ, ತಾಯಿ ಬೆರಳು ಮಡಿಸಿ ಎಣಿಸುತ್ತಾಳೆ. ಆರನೆಯದು ಮುಗಿದ ಮೇಲೆ ಮೇಲ್ವಿಚಾರಕಿ ಬೀಗವನ್ನು ಮೇಜಿನ ಮೇಲಿಟ್ಟು, ಅರ್ಜಿಯ ಪ್ರತಿ ಅಚ್ಚಾಗಿ ಹೊರಬರುವುದನ್ನು ಕಾಯುತ್ತ ಕೂರುತ್ತಾಳೆ.