ಆಟದಂಗಳದಲ್ಲಿ ಮನಸ್ಸಿನ ಹದ

ಶಾಲಾ ಕ್ರೀಡಾಕೂಟಗಳ ಕಾಲದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮೈದಾನಗಳಲ್ಲಿ ಒಂದು ನೋಟ ಸಾಮಾನ್ಯವಾದುದು. ಅಭ್ಯಾಸದ ದಿನಗಳಲ್ಲಿ ಎಲ್ಲರಿಗಿಂತ ಮುಂದೆ ಓಡುವ ಮಗು ಸ್ಪರ್ಧೆಯ ದಿನ ಬೆವರುತ್ತದೆ, ಅಂಗೈ ತಣ್ಣಗಾಗುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತದೆ, ಕೊನೆಗೆ ಓಟದಲ್ಲಿ ಹಿಂದುಳಿಯುತ್ತದೆ. 'ಹೆದರುಪುಕ್ಕಲ' ಎಂಬ ಮಾತು ಮನೆಯಲ್ಲಿ ಕಾದಿರುತ್ತದೆ. ಈ ಒಂದು ಮಾತಿನಿಂದಲೇ ಆಟವನ್ನು ತೊರೆಯುವ ಮಕ್ಕಳುಂಟು. ಆದುದರಿಂದ ಈ ಅಂಜಿಕೆಯ ಸ್ವರೂಪವನ್ನು ಪಾಲಕರು ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಸವಾಲು ಎದುರಾದೊಡನೆ ಮಿದುಳಿನ ಆಜ್ಞೆಯಂತೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ವೇಗಗೊಳ್ಳುತ್ತದೆ. ಜೀರ್ಣಾಂಗಗಳಿಗೆ ಹರಿಯುವ ರಕ್ತ ಕಡಿಮೆಯಾಗಿ ಸ್ನಾಯುಗಳಿಗೆ ಹೆಚ್ಚು ದೊರೆಯುತ್ತದೆ. ಹೊಟ್ಟೆಯ ತಳಮಳಕ್ಕೆ ಇದೂ ಒಂದು ಕಾರಣ. ಇದು ರೋಗವಲ್ಲ, ದೇಹವು ಸಿದ್ಧವಾಗುವ ಬಗೆ. ಇದನ್ನು ಉತ್ತೇಜನವೆನ್ನುತ್ತೇವೆ. 'ಸೋತರೆ ಏನು ಗತಿ' ಎಂಬ ಚಿಂತೆ ಅದರೊಡನೆ ಬೆರೆತಾಗ ಅದು ಆತಂಕವಾಗುತ್ತದೆ.

ಉತ್ತೇಜನವೇ ಇಲ್ಲದಿದ್ದರೆ ಆಟ ಸಪ್ಪೆಯಾಗುತ್ತದೆ; ಮಿತಿಮೀರಿದರೆ ಕೆಡುತ್ತದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಠಿಣವಾದ ಕಲಿಕೆಗೆ ಮಧ್ಯಮ ಪ್ರಮಾಣದ ಪ್ರಚೋದನೆಯೇ ಹಿತವೆಂದು ಕಂಡುಬಂದಿತು. ಮುಂದೆ ಇದೇ ವಿಚಾರವನ್ನು ಕ್ರೀಡೆಗೂ ಅನ್ವಯಿಸಲಾಯಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಇದು ಹೊಸತಲ್ಲ: ಎಳೆತ ಸಡಿಲವಾದರೆ ನೂಲು ಕೆಡುತ್ತದೆ, ಅತಿ ಬಿಗಿಯಾದರೆ ಹರಿಯುತ್ತದೆ.

ಈ ಹದವು ಆಟದಿಂದ ಆಟಕ್ಕೆ, ಆಟಗಾರರಿಂದ ಆಟಗಾರರಿಗೆ ಬೇರೆ. ಭಾರ ಎತ್ತುವವನಿಗೆ ಹೆಚ್ಚಿನ ಕಾವು ಬೇಕು. ಬಂದೂಕಿನಿಂದ ಗುರಿಯಿಡುವವನಿಗೆ ಹೃದಯದ ಒಂದು ಬಡಿತವೂ ತೊಡಕಾಗಬಲ್ಲದು. ಆತಂಕ ಹೆಚ್ಚಿದಾಗ ಮನಸ್ಸು ಚಿಂತೆಯಲ್ಲಿ ತೊಡಗಿ ಆಟಕ್ಕೆ ಗಮನ ಸಾಲದಾಗುತ್ತದೆ. ಇಲ್ಲವೇ ತಾನಾಗಿ ನಡೆಯಬೇಕಾದ ಕೈಕಾಲುಗಳ ಚಲನೆಯನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸತೊಡಗಿ ಎಡವುತ್ತದೆ. 1993ರ ವಿಂಬಲ್ಡನ್ ಅಂತಿಮ ಪಂದ್ಯದ ಕೊನೆಯ ಸೆಟ್ಟಿನಲ್ಲಿ 4-1ರಿಂದ ಮುಂದಿದ್ದ ಯಾನಾ ನೊವೊತ್ನಾ, ಸ್ಟೆಫಿ ಗ್ರಾಫ್ ಅವರಿಗೆ ಸೋತದ್ದನ್ನು ಇಂಥ ಕುಸಿತಕ್ಕೆ ನಿದರ್ಶನವಾಗಿ ಹೇಳುವುದುಂಟು. ಅವರೇ 1998ರಲ್ಲಿ ಆ ಪ್ರಶಸ್ತಿಯನ್ನು ಗೆದ್ದರು. ನಮ್ಮ ನಾಡಿನ ರಾಹುಲ್ ದ್ರಾವಿಡ್ ಭಾರತ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾಗಿದ್ದಾಗ, 2022ರಲ್ಲಿ, ಆಟಗಾರರ ಮಾನಸಿಕ ಸಿದ್ಧತೆಗೆಂದೇ ಪ್ಯಾಡಿ ಅಪ್ಟನ್ ಅವರನ್ನು ನೇಮಿಸಲಾಗಿತ್ತು. ನುರಿತವರಿಗೇ ಈ ನೆರವು ಬೇಕಾದರೆ, ಹದಿಮೂರರ ಮಗುವಿಗೆ ಬೇಡವೆ?

ಮನೆಯಲ್ಲಿ ರೂಢಿಸಬಹುದಾದ ಕೆಲವು ಉಪಾಯಗಳಿವೆ:

• ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ಸೆಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡುವುದು. ದಿನವೂ ಐದು ನಿಮಿಷ ಅಭ್ಯಾಸವಿದ್ದರೆ ಮಾತ್ರ ಸ್ಪರ್ಧೆಯ ದಿನ ಒದಗುತ್ತದೆ.
• ಎದೆಬಡಿತವನ್ನು 'ಭಯ'ವೆನ್ನದೆ 'ಮೈ ಸಿದ್ಧವಾಗುತ್ತಿದೆ' ಎಂದು ಮಗುವಿಗೆ ತಿಳಿಸಿಕೊಡುವುದು.
• ಸ್ಪರ್ಧೆಗೆ ಮುನ್ನ ಮಾಡುವ ಕ್ರಮವನ್ನು ಪ್ರತಿ ಸಲವೂ ಒಂದೇ ರೀತಿಯಲ್ಲಿ ಪಾಲಿಸುವುದು.
• ಅಭ್ಯಾಸವನ್ನು ಆಗಾಗ ನಾಲ್ಕು ಜನರ ಮುಂದೆಯೂ ನಡೆಸುವುದು.
• 'ಗೆದ್ದೆಯಾ?' ಎನ್ನುವುದಕ್ಕೆ ಮೊದಲು 'ಹೇಗೆ ಆಡಿದೆ?' ಎಂದು ಕೇಳುವುದು.

ಎರಡು ಎಚ್ಚರಿಕೆಗಳು ಅಗತ್ಯ. ನಡುಕ ತಗ್ಗಿಸಲೆಂದು ಯಾರೋ ಹೇಳಿದ ಪ್ರೊಪ್ರನೊಲಾಲ್ ಮಾತ್ರೆಯನ್ನು ನುಂಗಿಸಬಾರದು; ಉಬ್ಬಸವುಳ್ಳವರಿಗೆ ಅದು ಅಪಾಯಕಾರಿ. ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಅದು ನಿಷಿದ್ಧವೂ ಹೌದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಇದರಿಂದಲೇ ಎರಡು ಪದಕಗಳನ್ನು ಕಳೆದುಕೊಂಡರು. ಇನ್ನು, ಓಡುವಾಗಲೇ ಎದೆನೋವು ಬಂದರೆ ಅಥವಾ ಮಗು ಪ್ರಜ್ಞೆ ತಪ್ಪಿದರೆ ಅದನ್ನು ಅಂಜಿಕೆಯೆಂದು ತಳ್ಳಿಹಾಕದೆ, ತಡಮಾಡದೆ ವೈದ್ಯರಲ್ಲಿ ಹೃದಯದ ತಪಾಸಣೆ ಮಾಡಿಸಬೇಕು.

ಆತಂಕವು ಮೈದಾನವನ್ನು ದಾಟಿ, ವಾರಗಟ್ಟಲೆ ನಿದ್ರೆ, ಊಟ, ಓದನ್ನು ಕೆಡಿಸುತ್ತಿದ್ದರೆ ಮನೋವೈದ್ಯರ ಸಲಹೆ ಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪದಕ ಬರಲಿ, ಬಾರದಿರಲಿ, ಮಗು ಮರುದಿನವೂ ಉತ್ಸಾಹದಿಂದ ಮೈದಾನಕ್ಕೆ ಹೋಗುವಂತಿರಬೇಕು. ಅದನ್ನು ಕಾಪಾಡುವ ಹೊಣೆ ಹಿರಿಯರಾದ ನಮ್ಮದು.