ಅರೆಕೆರೆಯ ಕಲ್ಲಿಗೆ ಎಷ್ಟು ಅಂಕ?

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನ ಆಸುಪಾಸಿನ ಯಾವುದಾದರೂ ಬೀದಿಗೆ ಬೋರ್‌ವೆಲ್ ಲಾರಿ ಬಂತೆಂದರೆ ಮೊದಲು ಕೆಮ್ಮಣ್ಣು ಏಳುತ್ತದೆ, ಆಮೇಲೆ ಕೊಳೆತು ಮೆತ್ತಗಾದ ಕಲ್ಲು, ಕೊನೆಗೆ ಮನೆ ಮನೆಯ ಕಿಟಕಿಗೂ ಬಂದು ಕೂರುವ ಬೂದುಬಣ್ಣದ ಪುಡಿ. ಆ ಪುಡಿಯ ತಾಯಿ ಪೆನಿನ್ಸುಲಾರ್ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇಟ್ಟ ಹೆಸರು ಇದು. ಲಾಲ್‌ಬಾಗಿನ ಗುಡ್ಡವೂ ಇದೇ ಕಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಗಟ್ಟಿ ಬಂಡೆಯೊಳಗೆ ನೀರಿಲ್ಲ, ಅದರ ಬಿರುಕುಗಳಲ್ಲಿದೆ. ಬಿರುಕು ಎಲ್ಲಿದೆ ಎಂದು ಹೇಳಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರಿದ್ದಾರೆ, ಭೂವಿಜ್ಞಾನಿಗಳೂ ಇದ್ದಾರೆ. ಭೂವಿಜ್ಞಾನಿಯ ಚೀಲದಲ್ಲಿರುವುದು ಉಪಕರಣವಷ್ಟೇ ಅಲ್ಲ. ಈ ನೆಲವನ್ನು ಹಿಂದೆ ಯಾರೋ ಕಾಲ್ನಡಿಗೆಯಲ್ಲಿ ಸುತ್ತಿ ಬರೆದಿಟ್ಟ ನಕ್ಷೆ, ಲೇಖನ, ವರದಿಗಳೂ ಹೌದು.

ಆ ಲೇಖನಗಳ ಬೆಲೆ ಎಷ್ಟು? ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ.

ಲೆಕ್ಕ ಸರಳ. ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 200 ಲೇಖನ ಪ್ರಕಟಿಸಿತು, 2024ರಲ್ಲಿ ಬಂದ ಬೇರೆ ಬೇರೆ ಲೇಖನಗಳು ಅವನ್ನು 260 ಸಲ ಉಲ್ಲೇಖಿಸಿದವು ಎಂದುಕೊಳ್ಳಿ. ಭಾಗಿಸಿದರೆ 1.3. ಇದರ ಹಿಂದಿನ ಆಲೋಚನೆ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರದು. ವಿಜ್ಞಾನದ ಲೇಖನಗಳನ್ನು ಅವುಗಳ ಉಲ್ಲೇಖಗಳ ಜಾಡು ಹಿಡಿದು ಹುಡುಕಬಹುದು ಎಂದು ಅವರು 1955ರಲ್ಲಿ ಬರೆದರು, 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ತಂದರು. ಗ್ರಂಥಾಲಯಗಳು ಯಾವ ಜರ್ನಲ್ ತರಿಸಬೇಕೆಂದು ತೀರ್ಮಾನಿಸಲು ಇಂಪ್ಯಾಕ್ಟ್ ಫ್ಯಾಕ್ಟರ್ ಒಳ್ಳೆಯ ಸಾಧನವೇ. ಅದು ಮೇಷ್ಟ್ರ ಬಡ್ತಿ ತೀರ್ಮಾನಿಸುವ ಸಾಧನವಾದದ್ದು ಆಮೇಲಿನ ಕಥೆ. ದಶಾಂಶದ ಮುಂದೆ ಮೂರು ಅಂಕಿ ಬರೆದು ನಿಖರತೆಯ ಭ್ರಮೆ ಹುಟ್ಟಿಸುತ್ತಿದ್ದ ಪದ್ಧತಿ ಕೂಡ 2023ರವರೆಗೆ ನಡೆಯಿತು. ಈಗ ಒಂದೇ ಅಂಕಿ.

ತೊಡಕಿರುವುದು ಆ ಎರಡು ವರ್ಷದ ಗಡುವಿನಲ್ಲಿ. ಕ್ಯಾನ್ಸರ್ ಸಂಶೋಧನೆ ಓಡುವ ವಿಷಯ. ಅದರ ಒಂದು ಪ್ರಮುಖ ಜರ್ನಲ್‌ನ ಅಂಕ 200 ದಾಟಿದೆ. ಭೂವಿಜ್ಞಾನಿ ಒಂದು ಮಳೆಗಾಲ ಮುಗಿಯುವವರೆಗೆ ಕಾದು, ಬೇಸಿಗೆಯಲ್ಲಿ ಕಲ್ಲು ಒಡೆದು ತಂದು, ಪ್ರಯೋಗಾಲಯದ ಸರದಿಗೆ ನಿಂತು, ಕಾಲಮಾನ ಕಂಡುಕೊಂಡು ಬರೆಯುವ ಹೊತ್ತಿಗೆ ಎರಡು ವರ್ಷ ಎಂದೋ ಕಳೆದಿರುತ್ತದೆ. ಅವರು ಉಲ್ಲೇಖಿಸುವುದೂ ಹಳೆಯದನ್ನೇ. ಜರ್ನಲ್‌ಗೆ ಬರುವ ಉಲ್ಲೇಖಗಳಲ್ಲಿ ಅರ್ಧದಷ್ಟು ಎಷ್ಟು ಹಳೆಯ ಲೇಖನಗಳಿಗೆ ಸಲ್ಲುತ್ತವೆ ಎಂಬುದಕ್ಕೂ ಒಂದು ಅಳತೆಯಿದೆ. ಭೂವಿಜ್ಞಾನದ ಹಲವು ಜರ್ನಲ್‌ಗಳಲ್ಲಿ ಅದು ಹತ್ತು ವರ್ಷ ಮೀರುತ್ತದೆ. ಐದು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಬಂದಿದೆಯಾದರೂ ಸಮಿತಿಗಳ ಬಾಯಲ್ಲಿ ಓಡಾಡುವುದು ಎರಡು ವರ್ಷದ್ದೇ.

ಇನ್ನೊಂದು ಸಂಗತಿ ಕರ್ನಾಟಕದ ಮಟ್ಟಿಗೆ ಇನ್ನೂ ಮುಖ್ಯ. ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಸಂಪಾದಿಸಿದ, ದಕ್ಷಿಣ ಕರ್ನಾಟಕದ ಪ್ರಾಚೀನ ಶಿಲೆಗಳ ಬಗೆಗಿನ ಸಂಪುಟ 1981ರಲ್ಲಿ ಬಂತು. ಸರಗೂರು ಶಿಲೆಗಳನ್ನು ಧಾರವಾಡ ಶಿಲೆಗಳಿಂದ ಬೇರ್ಪಡಿಸಿ ನೋಡುವ ಚರ್ಚೆ ಇಂದಿಗೂ ಆ ಪುಸ್ತಕವನ್ನು ಮುಟ್ಟದೆ ಸಾಗುವುದಿಲ್ಲ. ಆದರೆ ಅದು ಜರ್ನಲ್ ಅಲ್ಲ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ 112ನೆಯ ಮೆಮಾಯರ್. ಅದರ ಇಂಪ್ಯಾಕ್ಟ್ ಫ್ಯಾಕ್ಟರ್? ಇಲ್ಲವೇ ಇಲ್ಲ. ರಾಬರ್ಟ್ ಬ್ರೂಸ್ ಫೂಟ್ ಅವರಿಂದ 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ವರದಿಗಳ ಕಥೆಯೂ ಇಷ್ಟೇ.

ಅರೆಕೆರೆಯಿಂದ ಉತ್ತರಕ್ಕೆ, ಬೆಂಗಳೂರು ದಕ್ಷಿಣದ ಇನ್ನೊಂದು ತುದಿಯಲ್ಲಿರುವ ಗವಿಪುರಕ್ಕೆ ಹೋದರೆ ಈ ಮಾತಿಗೆ ಒಂದು ವಿಳಾಸ ಸಿಗುತ್ತದೆ. ನೈಸ್ ಬಂಡೆಯನ್ನೇ ಕೊರೆದು ಕಟ್ಟಿದ ಗವಿ ಗಂಗಾಧರೇಶ್ವರನ ಬಡಾವಣೆಯಲ್ಲೇ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಕಚೇರಿ. ಸೊಸೈಟಿ ಹುಟ್ಟಿದ್ದು 1958ರಲ್ಲಿ. ಮೊದಲ ಅಧ್ಯಕ್ಷರು ಡಿ. ಎನ್. ವಾಡಿಯಾ. ಮರುವರ್ಷ ಜರ್ನಲ್ ಶುರುವಾಯಿತು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಪಿ. ರಾಧಾಕೃಷ್ಣ ದಶಕಗಳ ಕಾಲ ಅದನ್ನು ಹೊತ್ತು ಬೆಳೆಸಿದರು. 2012ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಹೇಳದೆ ಈ ಪತ್ರಿಕೆಯ ಮಾತು ಆಡುವಂತಿರಲಿಲ್ಲ. ನೀರು, ಗಣಿ, ಖನಿಜ ನೀತಿ ಕುರಿತು ಅವರು ಬರೆಯುತ್ತಿದ್ದ ಸಂಪಾದಕೀಯಗಳಿಗೆ ಕಾದು ಕೂರುವ ಓದುಗರಿದ್ದರು. ಸಂಪಾದಕೀಯ, ಪುಸ್ತಕ ವಿಮರ್ಶೆ, ನಿಧನವಾರ್ತೆ ಇವು ಯಾವುವೂ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಲೆಕ್ಕದಲ್ಲಿ ‘ಲೇಖನ’ಗಳಲ್ಲ. ಜರ್ನಲ್‌ನ ಅಂಕ ಇತ್ತೀಚಿನ ವರ್ಷಗಳಲ್ಲಿ ಒಂದು, ಒಂದೂವರೆಯ ಆಸುಪಾಸಿನಲ್ಲಿದೆ.

ಹಾಗೆಂದು ಊರಿನ ಜರ್ನಲ್ ಎಂಬ ಮಮತೆಯಿಂದ ಕಣ್ಣು ಮುಚ್ಚಬೇಕಿಲ್ಲ. 1989ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ ನೇಚರ್ ಪತ್ರಿಕೆಯಲ್ಲಿ ಒಂದು ಬಾಂಬ್ ಹಾಕಿದರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತ ಹಿಮಾಲಯದಲ್ಲಿ ಸಿಕ್ಕಿತೆಂದು ಸುಮಾರು ಕಾಲು ಶತಮಾನ ವರದಿ ಮಾಡಿದ್ದ ಪಳೆಯುಳಿಕೆಗಳಲ್ಲಿ ಅನೇಕವು ಬೇರೆ ದೇಶಗಳವು ಎಂಬುದು ಆರೋಪ. ಮುಂದೆ ವಿಚಾರಣೆಯಲ್ಲಿ ಗುಪ್ತ ತಪ್ಪಿತಸ್ಥರೆಂದಾಯಿತು. ಅವರ ನೂರಾರು ಲೇಖನಗಳನ್ನು ನಂಬಿ ಉಲ್ಲೇಖಿಸಿದವರಲ್ಲಿ ದೊಡ್ಡ ದೊಡ್ಡವರೇ ಇದ್ದರು. ಎಂದರೆ ಉಲ್ಲೇಖದ ಲೆಕ್ಕ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕೂಡಿಸುತ್ತದೆ. ಆ ಕೊಳೆಯನ್ನು ವಿವರವಾಗಿ ಬಿಡಿಸಿಟ್ಟ ಟ್ಯಾಲೆಂಟ್ ತಂಡದ ಲೇಖನ 1990ರಲ್ಲಿ ಅಚ್ಚಾದದ್ದು ಮಾತ್ರ ಬೆಂಗಳೂರಿನ ಈ ಜರ್ನಲ್‌ನಲ್ಲೇ. ಆ ಧೈರ್ಯಕ್ಕೆ ಯಾವ ಕೋಷ್ಟಕದಲ್ಲಿ ಅಂಕ ಕೊಡುವುದು?

ನನ್ನ ತಕರಾರು ಅಂಕದ ಮೇಲಲ್ಲ, ಅದು ಏನನ್ನು ಅಳೆಯುತ್ತದೆಂಬುದರ ಬಗ್ಗೆ ಇರುವ ಮರೆವಿನ ಮೇಲೆ. ಉಲ್ಲೇಖ ಎಂಬುದು ಬರೆಯುವವರು ಬರೆಯುವವರಿಗೆ ಹೇಳುವ ನಮಸ್ಕಾರ. ಅಂತರ್ಜಲ ಇಲಾಖೆಯ ಅಧಿಕಾರಿ, ಮೆಟ್ರೋ ಸುರಂಗದ ಎಂಜಿನಿಯರ್, ಅಪಾರ್ಟ್‌ಮೆಂಟ್ ಸಂಘ ಕರೆಸಿದ ಭೂವಿಜ್ಞಾನಿ ಇವರೆಲ್ಲ ಓದುತ್ತಾರೆ, ಬಳಸುತ್ತಾರೆ, ಜರ್ನಲ್‌ಗೆ ಬರೆಯುವುದಿಲ್ಲ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿ ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಗಿ ಬಂದಾಗ ಬೇಕಾಗಿದ್ದುದು ಇಂಥ ಸ್ಥಳೀಯ ಅಧ್ಯಯನಗಳೇ. ಆದರೆ ಬನ್ನೇರುಘಟ್ಟ ರಸ್ತೆಯ ಅಂತರ್ಜಲದ ಮೇಲೆ ಕೆಲಸ ಮಾಡುವ ಯುವ ಸಂಶೋಧಕಿಗೆ ಗೊತ್ತು, ಅದನ್ನೇ ‘ಗಟ್ಟಿಶಿಲಾ ಜಲಧರಗಳ ಜಾಗತಿಕ ಮಾದರಿ’ ಎಂದು ತಿದ್ದಿ ಹೊರದೇಶದ ಜರ್ನಲ್‌ಗೆ ಕಳಿಸಿದರೆ ಕೆಲಸ ಸಿಗುವ ಸಾಧ್ಯತೆ ಹೆಚ್ಚೆಂದು. ಅವಳನ್ನು ದೂರುವಂತಿಲ್ಲ. ಹೀಗೆ ತಿದ್ದುವಾಗ ಮೊದಲು ಕಳೆದುಹೋಗುವುದು ಬೀದಿವಾರು ಆಳ ಮತ್ತು ಇಳುವರಿಯ ಪಟ್ಟಿ.

ಎಣಿಸುವ ಇನ್ನೊಂದು ದಾರಿಯನ್ನು ತೋರಿದವರೂ ಈ ಊರಿನವರೇ ಅನ್ನಬಹುದು. ಮಲ್ಲೇಶ್ವರದಲ್ಲಿ ಕೊನೆಯ ವರ್ಷಗಳನ್ನು ಕಳೆದ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೂ ಲೆಕ್ಕಶಾಸ್ತ್ರ ಬೇಕೆಂದು 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಹೇಳಿ, ಅದನ್ನು ಲೈಬ್ರಮೆಟ್ರಿ ಎಂದು ಕರೆದಿದ್ದರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಕೆಗೆ ಎಂಬುದು.

ಬಳಸಬೇಕಾದರೆ ಮೊದಲು ಕೈಗೆ ಸಿಗಬೇಕು. 2025ರಿಂದ ಜಾರಿಗೆ ಬಂದಿರುವ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು 30 ಪ್ರಕಾಶಕರ ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ತೆರೆದಿದೆ. ಅರೆಕೆರೆಯಲ್ಲಿ ಪಾಯಿಂಟ್ ತೋರಿಸುವ ಖಾಸಗಿ ಭೂವಿಜ್ಞಾನಿ ಈ ಎರಡರಲ್ಲೂ ಇಲ್ಲ. ಸದಾಶಿವನಗರದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತನ್ನ ಜರ್ನಲ್ ಆಫ್ ಅರ್ತ್ ಸಿಸ್ಟಮ್ ಸೈನ್ಸ್‌ನ ಲೇಖನಗಳನ್ನು ತನ್ನ ಜಾಲತಾಣದಲ್ಲಿ ಬಿಟ್ಟಿಯಾಗಿ ಇಡುತ್ತದೆ. ಅರೆಕೆರೆಯ ಆ ಭೂವಿಜ್ಞಾನಿ ಕಾಸು ಕೊಡದೆ ಓದಬಹುದಾದ ಬೆಂಗಳೂರಿನ ಜರ್ನಲ್ ಅದು.