ಈ ವರದಿಯನ್ನು ಅವರಿಗೆ ಹೇಗೆ ಹೇಳಲಿ?

‘ಟೀಚರ್, ಅವರಿಗೆ ಹೇಗೆ ಹೇಳಲಿ?’ ಎಂದು ಕೇಳಿದವಳು ಹಿಂದೊಮ್ಮೆ ನನ್ನ ತರಗತಿಯಲ್ಲಿ ಕೂತಿದ್ದ ಹುಡುಗಿ. ಆಗ ಆರು ತಿಂಗಳ ಗರ್ಭಿಣಿ. ಗಂಡ ದಮ್ಮಾಮ್‌ನಲ್ಲಿ. ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಿದಾಗ ಎಚ್‌ಪಿವಿ ಇದೆ ಎಂದು ವರದಿ ಬಂದಿತ್ತು. ‘ಇದು ದೈಹಿಕ ಸಂಪರ್ಕದಿಂದ ಬರುವ ವೈರಸ್’ ಎಂದಷ್ಟೇ ಹೇಳಿ ಮುಂದಿನ ಟೋಕನ್ ಕರೆದರಂತೆ. ಅವಳು ವರದಿಯನ್ನು ಮದುವೆ ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟು ಹತ್ತು ದಿನ ನಿದ್ದೆಗೆಟ್ಟಿದ್ದಳು. ‘ನನ್ನ ಮೇಲೆ ಸಂಶಯಪಟ್ಟರೆ?’ ಎಂಬುದು ಒಂದು ಭಯ. ‘ಅವರಿಂದಲೇ ಬಂದಿದ್ದರೆ?’ ಎಂಬುದು ಇನ್ನೊಂದು.

ಪ್ರಿಯ ಸಹೋದರಿ, ನಿಮ್ಮ ಕೈಯಲ್ಲೂ ಅಂಥ ವರದಿ ಇದ್ದರೆ ಮೊದಲು ಸ್ವಲ್ಪ ಉಸಿರಾಡಿಕೊಳ್ಳಿ. ಎಚ್‌ಪಿವಿಯಲ್ಲಿ 200ಕ್ಕಿಂತ ಹೆಚ್ಚು ಬಗೆಗಳಿವೆ. ದಾಂಪತ್ಯ ನಡೆಸುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ಸಮಯದಲ್ಲಿ ಇದು ತಗಲುತ್ತದೆ, ಗೊತ್ತೇ ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. 16 ಮತ್ತು 18ರಂಥ ಅಪಾಯಕಾರಿ ಬಗೆಗಳು ವರ್ಷಗಟ್ಟಲೆ ಉಳಿದರೆ ಮಾತ್ರ ಚಿಂತೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ 16 ಮತ್ತು 18 ಇವೆರಡೇ ಕಾರಣ. ಆದರೆ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಹಿಡಿದು ಚಿಕಿತ್ಸೆ ಮಾಡಬಹುದು.

ಹೊಟ್ಟೆಯಲ್ಲಿರುವ ಮಗುವಿಗೆ? ತಾಯಿಯಿಂದ ಮಗುವಿಗೆ ತಗಲಿ ಗಂಟಲಲ್ಲಿ ಗುಳ್ಳೆಗಳಾಗುವುದುಂಟು, ಆದರೆ ಅದು ಬಹಳ ಅಪರೂಪ. ಈ ಒಂದು ಕಾರಣಕ್ಕಾಗಿ ಸಿಸೇರಿಯನ್ ಬೇಕಾಗಿಲ್ಲ. ಎದೆಹಾಲು ಧಾರಾಳವಾಗಿ ಕೊಡಬಹುದು. ನರೂಲಿಗಳಿದ್ದರೆ ಗರ್ಭಿಣಿಯರಲ್ಲಿ ಅವು ದೊಡ್ಡದಾಗಬಹುದು. ಅಂಗಡಿಯಿಂದ ಮುಲಾಮು ತಂದು ಹಚ್ಚಬೇಡಿ, ಪೊಡೊಫಿಲಿನ್‌ನಂಥ ಔಷಧ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಕೊರಳಿನ ಕೋಶಗಳಲ್ಲಿ ಬದಲಾವಣೆ ಕಂಡರೂ ವೈದ್ಯರು ಸಾಮಾನ್ಯವಾಗಿ ನಿಗಾ ಇಟ್ಟು, ಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಬಿಡುತ್ತಾರೆ. ಎಚ್‌ಪಿವಿ ಲಸಿಕೆಯೂ ಹೆರಿಗೆಯ ನಂತರವೇ.

ಇನ್ನು ಸಂಶಯದ ಮಾತು. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಲ್ಯಾಬಿಗೂ ಹೇಳಲಾಗದು. ಎರಡನೇ ನಿಕಾಹ್ ಆದವರಲ್ಲಿ ಹಿಂದಿನ ದಾಂಪತ್ಯದಿಂದ ಉಳಿದು ಬಂದಿರಬಹುದು. ಗಂಡಸರಲ್ಲಿ ಇದನ್ನು ಹುಡುಕುವ ಅಂಗೀಕೃತ ಪರೀಕ್ಷೆಯೂ ಇಲ್ಲ. ಹಾಗಿರುವಾಗ ಈ ಕಾಗದ ಯಾರ ವಿರುದ್ಧವೂ ಸಾಕ್ಷಿಯಲ್ಲ. ಪತಿವ್ರತೆಯ ಮೇಲೆ ಆರೋಪ ಹೊರಿಸಿದವನು ನಾಲ್ವರು ಸಾಕ್ಷಿಗಳನ್ನು ತರದಿದ್ದರೆ 80 ಛಡಿಯೇಟು ಎಂದು ಸೂರಃ ಅನ್ನೂರ್ ವಿಧಿಸಿದೆ. ಹಝ್ರತ್ ಆಯಿಶಾ(ರ)ರ ಮೇಲೆ ಅಪವಾದ ಬಂದಾಗ ಊರಿನ ಬಾಯಿಗೆ ಬೀಗ ಹಾಕಿದ್ದು ಇದೇ ಸೂರಃ. ಈ ಪುಟವನ್ನು ಓದುವ ಸಹೋದರರಿಗೂ (ನೀವು ಓದುತ್ತೀರೆಂದು ನನಗೆ ಗೊತ್ತು) ಇದು ನೆನಪಿರಲಿ.

ಹಾಗಾದರೆ ಹೇಳಲೇಬೇಕೇ? ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಹಳೆಯ ತಪ್ಪುಗಳನ್ನು ಅಲ್ಲಾಹನು ಮುಚ್ಚಿಟ್ಟಿದ್ದರೆ ಅದನ್ನು ಕೆದಕಿ ತೆಗೆಯಲು ದೀನ್ ಯಾರಿಗೂ ಹೇಳಿಲ್ಲ, ತೌಬಾ ಸಾಕು. ರೋಗ ಹಾಗಲ್ಲ. ಪತಿಪತ್ನಿಯರು ಒಬ್ಬರಿಗೊಬ್ಬರು ಉಡುಪು ಎಂದ ಮೇಲೆ ಉಡುಪಿನೊಳಗಿನ ಗಾಯ ಅವರಿಗೆ ತಿಳಿದಿರಬೇಕು.

ಆದರೆ ವರದಿಯ ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳುಹಿಸಬೇಡಿ. ಅವರು ಡ್ಯೂಟಿಯ ನಡುವೆ ಮೊಬೈಲ್‌ನಲ್ಲಿ ಹುಡುಕುತ್ತಾರೆ, ‘ಲೈಂಗಿಕ ರೋಗ’ ಎಂಬ ಎರಡು ಪದ ಕಾಣುತ್ತದೆ, ಉಳಿದದ್ದನ್ನು ಶೈತಾನ್ ಪೂರ್ತಿ ಮಾಡುತ್ತಾನೆ. ಮೊದಲು ನೀವೇ ವೈದ್ಯೆಯ ಬಳಿ ಎಲ್ಲ ಕೇಳಿ ತಿಳಿದುಕೊಳ್ಳಿ. ಅತ್ತೆ, ನಾದಿನಿಯರಿಗಿಂತ ಮೊದಲು ಅವರಿಗೆ ತಿಳಿಯಲಿ. ರಜೆಯಲ್ಲಿ ಬರುವವರಿದ್ದರೆ ಜೊತೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನನ್ನ ಹುಡುಗಿಗೆ ಅಷ್ಟು ಕಾಯಲಾಗಲಿಲ್ಲ. ವೈದ್ಯೆಯ ಕೋಣೆಯಿಂದಲೇ, ಶುಕ್ರವಾರ ಅವರ ರಜೆಯ ದಿನ, ಫೋನ್ ಮಾಡಿದಳು. ತಾನೇ ಮೊದಲು ಹೇಳಿ, ಆಮೇಲೆ ಫೋನನ್ನು ವೈದ್ಯೆಯ ಕೈಗೆ ಕೊಟ್ಟಳು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲವಂತೆ. ಎರಡು ದಿನ ಅವರು ಫೋನ್ ಮಾಡಲಿಲ್ಲ. ಆ ಎರಡು ದಿನ ಅವಳು ನಮ್ಮ ಮನೆಯಲ್ಲೇ ಇದ್ದಳು. ಮೂರನೇ ದಿನ ಅವರು ಕೇಳಿದ್ದು, ‘ಮಗುವಿಗೆ ಏನೂ ಆಗುವುದಿಲ್ಲ ತಾನೇ?’ ಎಂದು. ಆಮೇಲೆ ಮೆಲ್ಲಗೆ, ‘ನನ್ನಿಂದಲೂ ಇರಬಹುದಲ್ಲ’ ಎಂದರಂತೆ. ಅವಳು ಮತ್ತೇನೂ ಕೇಳಲಿಲ್ಲ.

ಹೆರಿಗೆಯಾಗಿದೆ, ಅಲ್‌ಹಮ್ದುಲಿಲ್ಲಾಹ್, ಗಂಡು ಮಗು. ಮರುಪರೀಕ್ಷೆಯ ತಾರೀಕನ್ನು ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ನೀವೂ ಹಾಗೆ ಮಾಡಿ, ಬಾಣಂತನದ ಗಡಿಬಿಡಿಯಲ್ಲಿ ಅದು ಮರೆತೇಹೋಗುತ್ತದೆ.